ಭೂತಗನ್ನಡಿ ಕದ್ದವರು ಯಾರು?

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಪ್ರಯೋಗಾಲಯದ ಕಪಾಟಿನಿಂದ ಒಂದು ಭೂತಗನ್ನಡಿ ಕಾಣೆಯಾಯಿತು. ಪಠ್ಯಪುಸ್ತಕದ ಭಾಷೆಯಲ್ಲಿ ಹೇಳುವುದಾದರೆ ಹಿಡಿಕೆಯುಳ್ಳ ಪೀನ ಮಸೂರ. ಬೆಲೆ ದೊಡ್ಡದೇನಲ್ಲ. ಆದರೆ ಸ್ಟಾಕ್ ರಜಿಸ್ಟರಿನಲ್ಲಿ ಏರಿದ ಸಾಮಾನು ಕಪಾಟಿನಲ್ಲಿ ಇಲ್ಲದೆ ಹೋದರೆ ವಿಜ್ಞಾನ ಮಾಸ್ತರನ ನಿದ್ದೆ ಕೆಡುತ್ತದೆ ಎಂಬುದು ಈ ಕೆಲಸದಲ್ಲಿರುವವರಿಗೆಲ್ಲ ಗೊತ್ತು.

ಹಿಂದಿನ ದಿನ ಒಂಬತ್ತನೆಯ ತರಗತಿಯ ಮಕ್ಕಳು ಪ್ರಯೋಗಾಲಯದಲ್ಲಿದ್ದರು. ನಾನು ನೇರವಾಗಿ ಆ ತರಗತಿಗೆ ಹೋದೆ. ನಲವತ್ತು ಮಕ್ಕಳಲ್ಲಿ ಒಬ್ಬನನ್ನು ಎಬ್ಬಿಸಿ ನಿಲ್ಲಿಸಿದೆ. ಮುಂಡಗೋಡದ ಕಡೆಯಿಂದ ಬಂದು ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ ಸಿದ್ದಿ ಮನೆತನದ ಹುಡುಗ ಅವನು. ಗುಂಗುರು ಕೂದಲು, ಕಪ್ಪು ಮೈಬಣ್ಣ, ಎತ್ತರದ ಆಳು. "ತಗೊಂಡಿದ್ರ ಕೊಟ್ಟುಬಿಡಪಾ, ಯಾರಿಗೂ ಹೇಳೂದಿಲ್ಲ" ಎಂದೆ. "ನಾ ತಗೊಂಡಿಲ್ರಿ ಸರ್" ಎಂದ. ಚೀಲ ತೆಗೆಸಿ ನೋಡಿದೆ. ಎರಡು ನೋಟುಪುಸ್ತಕ, ಒಂದು ಪೆನ್ನು, ಊಟದ ತಾಟು. ಅಷ್ಟೇ.

ಎಂಟು ದಿನಗಳ ಮೇಲೆ ಮನೆಯಲ್ಲಿ ಮತದಾರರ ಪಟ್ಟಿಯ ಚೀಲ ಬಿಚ್ಚಿದಾಗ ಆ ಭೂತಗನ್ನಡಿ ಹೊರಗೆ ಬಿತ್ತು. ಪಟ್ಟಿಯ ಸಣ್ಣ ಅಕ್ಷರ ಕಾಣದೆ ನಾನೇ ಒಯ್ದಿದ್ದೆ! ಒಯ್ದದ್ದನ್ನು ಪೂರ್ತಿ ಮರೆತಿದ್ದೆ. ಮರುದಿನ ತರಗತಿಯಲ್ಲಿ ಎಲ್ಲರ ಎದುರಿಗೆ "ತಪ್ಪು ನನ್ನದು" ಎಂದು ಒಪ್ಪಿಕೊಂಡೆ. ಮಕ್ಕಳು ನಕ್ಕರು. ಆ ಹುಡುಗ ನಗಲಿಲ್ಲ. ಗಂಟೆ ಹೊಡೆದ ಮೇಲೆ ವರಾಂಡದಲ್ಲಿ ಹಿಂದಿನಿಂದ ಬಂದು ಮೆಲ್ಲಗೆ ಕೇಳಿದ:

"ಸರ್, ನನ್ನನ್ನ ಯಾಕ ಮೊದಲ ಕೇಳಿದ್ರಿ?"

ಆ ಹೊತ್ತಿಗೆ ನನ್ನ ಬಳಿ ಉತ್ತರವಿರಲಿಲ್ಲ. ಅವನ ವಿರುದ್ಧ ಒಂದೇ ಒಂದು ಸಾಕ್ಷಿ ಇರಲಿಲ್ಲ. ಮೂವತ್ತು ವರ್ಷ 'ಮೊದಲು ಗಮನಿಸಿರಿ, ಆಮೇಲೆ ಊಹಿಸಿರಿ, ಊಹೆಯನ್ನು ಪರೀಕ್ಷಿಸಿರಿ' ಎಂದು ಪಾಠ ಹೇಳಿದವನು ನಾನು. ಆ ದಿನ ಊಹೆ ಮೊದಲು ಬಂದಿತ್ತು, ಗಮನಿಸುವುದು ಬರಲೇ ಇಲ್ಲ. ಆ ಊಹೆ ನನ್ನ ತಲೆಯೊಳಗೆ ಎಲ್ಲಿಂದ ಬಂದು ಕೂತಿತ್ತು? ಹುಡುಕುತ್ತ ಹೋದಾಗ ಅದರ ಒಂದು ಬೇರು ನಾನು ಬಾಲ್ಯದಿಂದ ಬಲು ಪ್ರೀತಿಯಿಂದ ಓದಿಕೊಂಡು ಬಂದ ಪತ್ತೇದಾರಿ ಕತೆಗಳಲ್ಲಿಯೇ ಸಿಕ್ಕಿತು. ಇಂದು ಆ ವಿಷಯವನ್ನೇ ನಿಮ್ಮ ಮುಂದೆ ಇಡುತ್ತಿದ್ದೇನೆ.

ಪಾಲಕರು ಹೆದರಬೇಕಾಗಿಲ್ಲ. ಪತ್ತೇದಾರಿ ಕಾದಂಬರಿ ಓದಿ ಮಕ್ಕಳು ಕೆಡುತ್ತಾರೆಂದು ಹೇಳುವವನು ನಾನಲ್ಲ. ನನ್ನನ್ನು ಓದುಗನನ್ನಾಗಿ ಮಾಡಿದ್ದೇ ಅವು. ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದ ಎನ್. ನರಸಿಂಹಯ್ಯನವರ ಪುರುಷೋತ್ತಮ ಎಷ್ಟೋ ಮನೆಗಳಲ್ಲಿ ಮನೆಯ ಮಗನಂತೆಯೇ ಇದ್ದ. ನಮ್ಮ ಹಳದಿ-ಕೆಂಪು ಕನ್ನಡ ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಕಾರರೇ ಎಂಬುದು ಇಂದಿನ ಎಷ್ಟು ಮಕ್ಕಳಿಗೆ ಗೊತ್ತಿದೆಯೋ ಕಾಣೆ. ಇಂಥ ಪುಸ್ತಕಗಳು ಕೈಯಿಂದ ಕೈಗೆ ಹೋಗಿ, ರಟ್ಟು ಕಿತ್ತು, ಕೊನೆಯ ಪುಟವಿಲ್ಲದೆ ಉಳಿದಿರುತ್ತಿದ್ದವು. ಕೊಲೆಗಾರ ಯಾರೆಂದು ನಾವೇ ಊಹಿಸಿಕೊಳ್ಳಬೇಕಾಗುತ್ತಿತ್ತು. ತರ್ಕಕ್ಕೆ ಅದಕ್ಕಿಂತ ಒಳ್ಳೆಯ ತಾಲೀಮು ಯಾವುದಿದ್ದೀತು!

ಇವುಗಳ ಜೊತೆಗೆ ಇಂದ್ರಜಾಲ ಕಾಮಿಕ್ಸ್ ಬರುತ್ತಿತ್ತು. 1964ರಿಂದ 1990ರವರೆಗೆ ನಡೆದ ಈ ಮಾಲೆ ಕನ್ನಡದಲ್ಲಿಯೂ ಇತ್ತು. ಕಾಡಿನಲ್ಲಿ ತಲೆಬುರುಡೆಯ ಗವಿಯಲ್ಲಿ ಕೂತು ನ್ಯಾಯ ಕೊಡುವವನು ಫ್ಯಾಂಟಮ್, ಬಿಳಿಯ. ಅವನ ಮಾತಿಗೆ ಕೈಕಟ್ಟಿ ನಿಲ್ಲುವವರು ಕಾಡಿನ ಕಪ್ಪು ಜನ. ಕಳ್ಳರನ್ನು ಬುದ್ಧಿಯಿಂದ ಹಿಡಿಯುವವನು ಜಾದೂಗಾರ ಮ್ಯಾಂಡ್ರೇಕ್. ಅವರನ್ನು ಎತ್ತಿ ಒಗೆಯುವವನು ಲೋಥಾರ್. ಈ ಲೋಥಾರ್ ಆಫ್ರಿಕದ ರಾಜಕುಮಾರನಂತೆ! 1934ರಲ್ಲಿ ಲೀ ಫಾಕ್ ಅವನನ್ನು ಸೃಷ್ಟಿಸಿದಾಗ ರಾಜಕುಮಾರನ ಮೈಮೇಲೆ ಚಿರತೆಯ ತೊಗಲು, ಬಾಯಲ್ಲಿ ಮುರುಕು ಇಂಗ್ಲಿಷು. 1960ರ ದಶಕದಲ್ಲಿ ಕಾಲ ಬದಲಾದ ಮೇಲೆ ಅವನಿಗೂ ಸರಿಯಾದ ಮಾತು, ಬಟ್ಟೆ ಬಂದವು. ಇವನಿಗೆ ಹೆಸರಾದರೂ ಇತ್ತು ಎನ್ನಿ. ಎಷ್ಟೋ ಅಗ್ಗದ ಕತೆಗಳಲ್ಲಿ, ಸಿನಿಮಾಗಳಲ್ಲಿ ಖಳನಾಯಕನ ಅಡಗುದಾಣದ ಬಾಗಿಲಲ್ಲಿ ನಿಂತ ಆಜಾನುಬಾಹು ಕರಿಯ ಬಂಟನಿಗೆ ಹೆಸರೇ ಇರುತ್ತಿರಲಿಲ್ಲ. ಅವನಿಗೆ ತಾಯಿ ಇದ್ದಳೇ, ಮಕ್ಕಳಿದ್ದರೇ, ಅವನು ಯಾವ ಊರಿನವನು ಎಂದು ನಾವು ಓದುಗರೂ ಕೇಳಲಿಲ್ಲ. ಹೊಡೆಯುವುದು, ಕೊನೆಗೆ ಹೊಡೆಸಿಕೊಳ್ಳುವುದು, ಇಷ್ಟೇ ಅವನ ಬದುಕು.

ಬೇರೆಯವರು ನಮ್ಮನ್ನು ಹೀಗೆ ಬರೆದಾಗ ಹೇಗಿರುತ್ತದೆ? ಷರ್ಲಾಕ್ ಹೋಮ್ಸನನ್ನು ಸೃಷ್ಟಿಸಿದ ಆರ್ಥರ್ ಕಾನನ್ ಡಾಯ್ಲ್ ವೈದ್ಯರು, ಬುದ್ಧಿವಂತರು. 1890ರಲ್ಲಿ ಬಂದ ಅವರ 'ದಿ ಸೈನ್ ಆಫ್ ಫೋರ್' ಕಾದಂಬರಿಯಲ್ಲಿ ನಮ್ಮ ಅಂಡಮಾನಿನ ಒಬ್ಬ ಆದಿವಾಸಿ ಬರುತ್ತಾನೆ. ಮನುಷ್ಯನಿಗಿಂತ ಮೃಗಕ್ಕೆ ಹತ್ತಿರವೆನ್ನುವ ಹಾಗೆ ಅವನ ಚಿತ್ರ. ಕೊಳವೆಯಿಂದ ವಿಷದ ಮುಳ್ಳು ಊದಿ ಕೊಲ್ಲುತ್ತಾನೆ. ಆದರೆ ಅಂಡಮಾನಿನ ಜನರ ಆಯುಧ ಬಿಲ್ಲು-ಬಾಣ, ಊದುಗೊಳವೆಯಲ್ಲ. 1892ರ 'ದಿ ಸ್ಪೆಕಲ್ಡ್ ಬ್ಯಾಂಡ್' ಕತೆಯಲ್ಲಿ ಭಾರತದ ಹಾವೊಂದು ಬಟ್ಟಲಿನ ಹಾಲು ಕುಡಿದು, ಸಿಳ್ಳೆ ಕೇಳಿ, ಹಗ್ಗ ಹಿಡಿದು ಏರಿ ಇಳಿಯುತ್ತದೆ. ಹಾವಿಗೆ ಹೊರಗಿವಿಯಿಲ್ಲ, ಅದು ಹೆಚ್ಚಾಗಿ ತಿಳಿಯುವುದು ನೆಲದ ಕಂಪನವನ್ನು. ಹಾಲು ಅದರ ಆಹಾರವಲ್ಲ. ಇದನ್ನು ನಮ್ಮ ಎಂಟನೆಯ ತರಗತಿಯ ಹುಡುಗಿಯೂ ಹೇಳಿಯಾಳು. ನಾಗರಪಂಚಮಿಯ ದಿನ ಹುತ್ತಕ್ಕೆ ಹಾಲೆರೆಯುವ ನಾವು ಡಾಯ್ಲ್‌ರನ್ನು ಬಹಳ ನಗುವ ಹಾಗಿಲ್ಲ, ಆ ಮಾತು ಬೇರೆ! ಇಷ್ಟು ಖಂಡಿತ: ನೋಡದ ನಾಡಿನ ಬಗ್ಗೆ ಬರೆಯುವಾಗ ಎಂಥ ಜಾಣನೂ ಸಾಕ್ಷಿಯನ್ನು ಬಿಟ್ಟು ಗಾಳಿಮಾತನ್ನು ನೆಚ್ಚುತ್ತಾನೆ.

ಇದೇ ಡಾಯ್ಲ್ 1893ರಲ್ಲಿ 'ದಿ ಯೆಲ್ಲೋ ಫೇಸ್' ಎಂಬ ಕತೆ ಬರೆದರು. ಒಬ್ಬ ಹೆಂಗಸು ತನ್ನ ಮೊದಲ ಗಂಡನಿಂದ ಹುಟ್ಟಿದ ಕಪ್ಪು ಮಗಳನ್ನು ಎರಡನೆಯ ಗಂಡನಿಗೆ ಹೆದರಿ ಬಚ್ಚಿಟ್ಟಿರುತ್ತಾಳೆ. ಹೋಮ್ಸನ ಊಹೆ ಇಲ್ಲಿ ಪೂರ್ತಿ ತಪ್ಪಾಗುತ್ತದೆ. ಗುಟ್ಟು ಹೊರಬಿದ್ದಾಗ ಆ ಗಂಡ ಮಗುವನ್ನು ಎತ್ತಿಕೊಂಡು ಮುದ್ದಿಸುತ್ತಾನೆ. ಅದೇ ಲೇಖಕ 1926ರ 'ದಿ ತ್ರೀ ಗೇಬಲ್ಸ್' ಕತೆಯಲ್ಲಿ ಒಬ್ಬ ಕಪ್ಪು ಮುಷ್ಟಿಕಾಳಗದ ಪಟುವನ್ನು ತಂದು ನಿಲ್ಲಿಸಿ ಹೋಮ್ಸನ ಬಾಯಿಂದ ಅವನ ರೂಪವನ್ನು ಹಳಿಸುತ್ತಾರೆ. ಒಬ್ಬನೇ ಮನುಷ್ಯನ ಲೇಖನಿಯಲ್ಲಿ ಎರಡೂ ಬಂದವು. ನಮ್ಮೊಳಗೂ ಎರಡೂ ಇವೆ, ಅದನ್ನು ನಾವು ಒಪ್ಪಿಕೊಳ್ಳಬೇಕು.

ಈಗ ಕಾಲ ಬದಲಾಗಿದೆ. ಆಫ್ರಿಕವೆಂದರೆ ಒಂದು ದೇಶವಲ್ಲ, 54 ದೇಶಗಳ ಖಂಡ. ವಿಸ್ತಾರದಲ್ಲಿ ಭಾರತದ ಒಂಬತ್ತು ಪಟ್ಟು. ಅಲ್ಲಿಯ ಇಂದಿನ ಬದುಕನ್ನು ತಿಳಿಯಲು ಅಲ್ಲಿಯ ಪತ್ತೇದಾರಿ ಕಾದಂಬರಿಗಳೇ ಒಳ್ಳೆಯ ದಾರಿ ಎನಿಸುತ್ತದೆ. ಏಕೆಂದರೆ ಪತ್ತೇದಾರನಾದವನು ಎಲ್ಲರ ಮನೆಗೂ ಹೋಗಬೇಕು. ಸಾಹುಕಾರನ ಪಡಸಾಲೆ, ಕೂಲಿಯವನ ಜೋಪಡಿ, ಠಾಣೆ, ದವಾಖಾನೆ, ಮಂತ್ರಿಯ ಕಚೇರಿ ಎಲ್ಲವನ್ನೂ ಹೊಕ್ಕು ಬರುತ್ತಾನೆ. ಅವನ ಹಿಂದೆ ನಾವೂ ಹೋಗಿ ನೋಡಿ ಬರಬಹುದು.

1998ರಲ್ಲಿ ಅಲೆಕ್ಸಾಂಡರ್ ಮೆಕಾಲ್ ಸ್ಮಿತ್ ಬರೆದ 'ದಿ ನಂ. 1 ಲೇಡೀಸ್ ಡಿಟೆಕ್ಟಿವ್ ಏಜೆನ್ಸಿ' ಓದಿದಾಗ ನನಗೆ ನಮ್ಮ ತಾಲೂಕಿನ ಕತೆ ಓದಿದ ಹಾಗಾಯಿತು. ಬೋಟ್ಸ್ವಾನ ದೇಶದ ಪ್ರೆಷಸ್ ರಾಮೋಟ್ಸ್ವೆ ಎಂಬ ದಪ್ಪನೆಯ, ಸಮಾಧಾನದ ಹೆಂಗಸು ಅಲ್ಲಿಯ ಪತ್ತೇದಾರಳು. ತಂದೆ ಗಣಿಯಲ್ಲಿ ದುಡಿದು ಕಟ್ಟಿದ ದನಗಳನ್ನು ಆಕೆಗೆ ಬಿಟ್ಟು ಸತ್ತಿದ್ದಾನೆ. ಆ ದನ ಮಾರಿದ ದುಡ್ಡಿನಲ್ಲಿ ಈಕೆ ಪತ್ತೇದಾರಿ ಕಚೇರಿ ತೆರೆಯುತ್ತಾಳೆ. ದನವೇ ಆಸ್ತಿ, ಮಳೆಯೇ ದೇವರು. ಆ ದೇಶದ ನಾಣ್ಯದ ಹೆಸರು 'ಪುಲಾ', ಅಂದರೆ ಮಳೆ! ಮದಗದ ಕೆರೆ ತುಂಬುವುದನ್ನು ಕಾಯುವ ನಮ್ಮ ಹಿರೇಕೆರೂರು ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅದರಲ್ಲೊಂದು ಪ್ರಸಂಗ. ಒಬ್ಬಳ ಮನೆಗೆ ಎಷ್ಟೋ ವರ್ಷಗಳ ಮೇಲೆ ಒಬ್ಬ ಬಂದು 'ನಾನೇ ನಿನ್ನ ತಂದೆ' ಎಂದು ಠಿಕಾಣಿ ಹೂಡುತ್ತಾನೆ. ನಿಜವೋ ಸುಳ್ಳೋ? ರಾಮೋಟ್ಸ್ವೆ ದಾದಿಯ ವೇಷದಲ್ಲಿ ಓಡಿ ಬಂದು, ನಿನ್ನ ಮಗಳಿಗೆ ಅಪಘಾತವಾಗಿದೆ, ರಕ್ತ ಬೇಕು, ಕೊಟ್ಟರೆ ನಿನ್ನ ಜೀವಕ್ಕೇ ಅಪಾಯವಿದೆ ಎನ್ನುತ್ತಾಳೆ. ಅಪ್ಪನೆಂದವನು ಅಲ್ಲಿಯೇ ತಾನು ಅಪ್ಪನಲ್ಲವೆಂದು ಒಪ್ಪಿಕೊಳ್ಳುತ್ತಾನೆ. ವಿಜ್ಞಾನದ ಮಾಸ್ತರನಿಗೆ ಇದು ಒಂದು ಚೊಕ್ಕ ಪ್ರಯೋಗ. ಊಹೆಯ ಮೇಲೆ ಯಾರನ್ನೂ ಆಕೆ ಬಯ್ಯಲಿಲ್ಲ, ಪರೀಕ್ಷೆ ಮಾಡಿದಳು.

ಆದರೆ ಇದೊಂದನ್ನೇ ಓದಿದರೆ ಬೋಟ್ಸ್ವಾನದಲ್ಲಿ ಎಲ್ಲವೂ ಸಕ್ಕರೆ ಎನಿಸಿಬಿಟ್ಟೀತು. ಆದ್ದರಿಂದ ಅದೇ ದೇಶದ ಯೂನಿಟಿ ಡೌ ಬರೆದ 'ದಿ ಸ್ಕ್ರೀಮಿಂಗ್ ಆಫ್ ದಿ ಇನ್ನೊಸೆಂಟ್' (2002) ಕಾದಂಬರಿಯನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಈ ಲೇಖಕಿ ಬೋಟ್ಸ್ವಾನದ ಉಚ್ಚ ನ್ಯಾಯಾಲಯದ ಮೊದಲ ಮಹಿಳಾ ನ್ಯಾಯಮೂರ್ತಿ. ಪರದೇಶದವನನ್ನು ಮದುವೆಯಾದ ಹೆಂಗಸಿನ ಮಕ್ಕಳಿಗೂ ನಾಗರಿಕತ್ವ ಸಿಗಬೇಕೆಂದು ತನ್ನ ಸರ್ಕಾರದ ಮೇಲೆಯೇ ದಾವೆ ಹೂಡಿ 1992ರಲ್ಲಿ ಗೆದ್ದವರು. ಕತೆಯಲ್ಲಿ ಹಳ್ಳಿಯ ಒಬ್ಬ ಹುಡುಗಿ ಕಾಣೆಯಾಗುತ್ತಾಳೆ. ಪ್ರಾಣಿ ತಿಂದಿರಬೇಕೆಂದು ಪೋಲೀಸರು ಕಡತ ಮುಚ್ಚುತ್ತಾರೆ. ವರ್ಷಗಳ ನಂತರ ಹಳ್ಳಿಯ ದವಾಖಾನೆಗೆ ಕೆಲಸಕ್ಕೆ ಬಂದ ತರುಣಿಯೊಬ್ಬಳಿಗೆ ಆ ಮಗುವಿನ ಬಟ್ಟೆಯಿರುವ ಪೆಟ್ಟಿಗೆ ಸಿಗುತ್ತದೆ. ಅಧಿಕಾರದ ಆಸೆಗೆ ಮಕ್ಕಳನ್ನು ಬಲಿಕೊಡುವ ದೊಡ್ಡ ಮನುಷ್ಯರ ಕತೆ ಅದು. ನಿಧಿಯ ಆಸೆಗೆ ಮಗುವನ್ನು ಬಲಿಕೊಟ್ಟ ಸುದ್ದಿಯನ್ನು ನಮ್ಮ ನಾಡಿನ ಪತ್ರಿಕೆಗಳಲ್ಲಿಯೂ ನಾವು ಓದಿದ್ದೇವಲ್ಲವೇ? ಇಲ್ಲಿ ಕೊಂದವರೂ ಆಫ್ರಿಕದವರೇ, ಬೆನ್ನು ಹತ್ತಿ ಹಿಡಿಯುವವಳೂ ಆಫ್ರಿಕದವಳೇ. ಹಳೆಯ ಕತೆಗಳಲ್ಲಿ ಇಲ್ಲದೆ ಹೋದದ್ದು ಇದೇ. ಅಲ್ಲಿ ಕಪ್ಪು ಮನುಷ್ಯನಿಗೆ ಕೊಡುತ್ತಿದ್ದದ್ದು ಒಂದೇ ಪಾತ್ರ. ಇಲ್ಲಿ ಎಲ್ಲ ಪಾತ್ರಗಳೂ ಅವರವೇ.

ಘಾನಾ ದೇಶದಲ್ಲಿ ಹುಟ್ಟಿ ಅಮೆರಿಕದಲ್ಲಿ ವೈದ್ಯರಾದ ಕ್ವೇ ಕ್ವಾರ್ಟೆ 2009ರಲ್ಲಿ 'ವೈಫ್ ಆಫ್ ದಿ ಗಾಡ್ಸ್' ಬರೆದರು. ಏಡ್ಸ್ ಬಗ್ಗೆ ಹಳ್ಳಿಗರಿಗೆ ತಿಳಿಹೇಳುತ್ತಿದ್ದ ವೈದ್ಯಕೀಯ ವಿದ್ಯಾರ್ಥಿನಿಯ ಕೊಲೆಯಾಗಿದೆ. ಹಳ್ಳಿಯವರ ಬೆರಳು ಮಾಟಗಾತಿಯ ಕಡೆಗೆ. ಇನ್ಸ್‌ಪೆಕ್ಟರ್ ಡಾರ್ಕೊ ಡಾಸನ್‌ನ ಕಣ್ಣು ಸಾಕ್ಷಿಯ ಕಡೆಗೆ. ಮನೆಯವರ ಪಾಪ ತೊಳೆಯಲು ಹೆಣ್ಣುಮಗಳನ್ನು ಗುಡಿಗೆ ಒಪ್ಪಿಸುವ 'ಟ್ರೊಕೋಸಿ' ಎಂಬ ಪದ್ಧತಿ ಈ ಕತೆಯಲ್ಲಿ ಬರುತ್ತದೆ. ನಮ್ಮಲ್ಲಿ ದೇವದಾಸಿ ಪದ್ಧತಿಯನ್ನು ನಿಷೇಧಿಸಲು 1982ರಲ್ಲಿ ಕಾನೂನು ಮಾಡಬೇಕಾಯಿತು ಎಂಬುದು ನೆನಪಾಗದೆ ಇರದು. ದಕ್ಷಿಣ ಆಫ್ರಿಕದ ಡಿಯಾನ್ ಮೇಯರ್ ತಮ್ಮ ತಾಯ್ನುಡಿಯಾದ ಆಫ್ರಿಕಾನ್ಸಿನಲ್ಲಿಯೇ ಬರೆಯುತ್ತಾರೆ, ಜಗತ್ತು ಅನುವಾದಿಸಿಕೊಂಡು ಓದುತ್ತದೆ. ನೈಜೀರಿಯದ ಒಯಿಂಕಾನ್ ಬ್ರೇತ್‌ವೇಟ್ 2018ರಲ್ಲಿ ಬರೆದ ಕಾದಂಬರಿಯಲ್ಲಿ ಲಾಗೋಸ್ ನಗರದ ನರ್ಸಮ್ಮ ಒಬ್ಬಳು ಕೊಲೆಗಾರ್ತಿ ತಂಗಿಯನ್ನು ಕಾಯುತ್ತ ಹೆಣಗುತ್ತಾಳೆ. ದವಾಖಾನೆಯ ಪಾಳಿ, ಲಂಚ ಕೇಳುವ ಪೋಲೀಸ, ಮನೆಯಲ್ಲಿ ಹೊಡೆಯುತ್ತಿದ್ದ ಅಪ್ಪನ ನೆನಪು. ಹುಲಿಯೂ ಇಲ್ಲ, ಚಿರತೆಯ ತೊಗಲೂ ಇಲ್ಲ. ಈ ಪುಸ್ತಕ ದೊಡ್ಡವರಿಗೆ, ಮಕ್ಕಳಿಗಲ್ಲ.

ಆಫ್ರಿಕವೆಂದರೆ ವಿಷದ ಬೇರು, ಮಾಟದ ಬೀಜ ಎಂದು ಹಳೆಯ ಪತ್ತೇದಾರಿ ಕತೆಗಳು ಹೆದರಿಸುತ್ತಿದ್ದವಲ್ಲ, ಆ ಬಗ್ಗೆಯೂ ಒಂದು ಮಾತು. ನೈಜೀರಿಯದ ಕಲಬಾರ್ ಪ್ರದೇಶದಲ್ಲಿ ಆರೋಪಿಗೆ ಒಂದು ವಿಷದ ಕಾಳಿನ ರಸ ಕುಡಿಸಿ ಪರೀಕ್ಷಿಸುವ ರೂಢಿ ಹಿಂದೆ ಇದ್ದದ್ದು ನಿಜ. ಬದುಕಿದರೆ ನಿರಪರಾಧಿ. ನಮ್ಮಲ್ಲಿ ಇರಲಿಲ್ಲವೇ? ಕೆಂಪಗೆ ಕಾಸಿದ ನೇಗಿಲ ಕುಳವನ್ನು ಕೈಯಲ್ಲಿ ಹಿಡಿಸುವ 'ಫಾಲದಿವ್ಯ' ಕನ್ನಡ ನಾಡಿನ ಶಾಸನಗಳಲ್ಲಿಯೇ ದಾಖಲಾಗಿದೆ. ಆ ಕಲಬಾರ್ ಕಾಳಿನಿಂದ ಹತ್ತೊಂಬತ್ತನೆಯ ಶತಮಾನದಲ್ಲಿ ಫೈಸೊಸ್ಟಿಗ್ಮಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಕಣ್ಣಿನೊಳಗಿನ ಒತ್ತಡ ಏರಿ ದೃಷ್ಟಿ ಹೋಗುವ ಗ್ಲಾಕೋಮ ರೋಗಕ್ಕೆ ಅದು ಮದ್ದಾಯಿತು. 1935ರಲ್ಲಿ ಅದನ್ನು ಪ್ರಯೋಗಾಲಯದಲ್ಲಿಯೇ ತಯಾರಿಸಿ ತೋರಿಸಿದವರು ಪರ್ಸಿ ಜೂಲಿಯನ್. ಅಮೆರಿಕದ ಗುಲಾಮರ ಮೊಮ್ಮಗನಾಗಿ ಹುಟ್ಟಿದ ಕಪ್ಪು ರಸಾಯನ ವಿಜ್ಞಾನಿ. ಈ ಕತೆಯನ್ನು ಯಾವ ಕಾಮಿಕ್ಸೂ ನಮಗೆ ಹೇಳಲಿಲ್ಲ.

ಕತೆಯಲ್ಲಿ ಏನಿದ್ದರೇನು, ಓದಿ ಮರೆತರಾಯಿತು ಎನ್ನುವವರಿದ್ದಾರೆ. ಮರೆತುಹೋಗುವುದಿಲ್ಲ ಎನ್ನುವುದಕ್ಕೆ 2016ರ ಜನವರಿ 31ರ ರಾತ್ರಿ ಬೆಂಗಳೂರಿನಲ್ಲಿ ನಡೆದದ್ದನ್ನು ನೆನೆಸಿಕೊಳ್ಳಿರಿ. ನಗರದ ಹೊರವಲಯದಲ್ಲಿ ಸುಡಾನ್ ದೇಶದ ವಿದ್ಯಾರ್ಥಿಯೊಬ್ಬ ಓಡಿಸುತ್ತಿದ್ದ ಕಾರು ಡಿಕ್ಕಿಯಾಗಿ ಒಬ್ಬ ಮಹಿಳೆ ತೀರಿಕೊಂಡಳು. ದುಃಖದ ಸಂಗತಿಯೇ. ಸುಮಾರು ಅರ್ಧ ಗಂಟೆಯ ಮೇಲೆ ಅದೇ ದಾರಿಯಲ್ಲಿ ಬೇರೆ ಕಾರಿನಲ್ಲಿ ಬಂದ ಟಾಂಜಾನಿಯದ ವಿದ್ಯಾರ್ಥಿನಿಯನ್ನು ಜನರ ಗುಂಪು ಹಿಡಿದು ಥಳಿಸಿತು. ಅವರ ಕಾರಿಗೆ ಬೆಂಕಿ ಹಚ್ಚಿತು. ಸುಡಾನ್ ಬೇರೆ, ಟಾಂಜಾನಿಯ ಬೇರೆ. ಗಂಡು ಬೇರೆ, ಹೆಣ್ಣು ಬೇರೆ. ಆ ಕಾರು ಬೇರೆ, ಈ ಕಾರು ಬೇರೆ. ಗುಂಪಿಗೆ ಕಂಡದ್ದು ಒಂದೇ ಸಾಕ್ಷಿ, ಮೈಬಣ್ಣ. ಆ ಗುಂಪನ್ನು ಬಯ್ಯುವುದು ಸುಲಭ. ನಾನು ಬಯ್ಯಲು ಹೋದಾಗಲೆಲ್ಲ ಆ ಹುಡುಗನ ಚೀಲ ತೆರೆಸಿದ ನನ್ನ ಕೈ ಕಣ್ಣಿಗೆ ಬರುತ್ತದೆ.

ಆಫ್ರಿಕದ ಮೂಲದವರು ನಮಗೆ ಹೊಸಬರೇನಲ್ಲ. ಹದಿನೇಳನೆಯ ಶತಮಾನದಲ್ಲಿ ಬಿಜಾಪುರದ ಆದಿಲಶಾಹಿ ದರಬಾರಿನಲ್ಲಿ ಇಖ್ಲಾಸ್ ಖಾನ್ ಎಂಬ ಹಬಶಿ ದೊಡ್ಡ ಅಧಿಕಾರ ನಡೆಸಿದವನು. ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದವರಲ್ಲಿ ಎಷ್ಟೋ ಜನ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ, ಕಲಘಟಗಿಯ ಕಡೆ ಇರುವ ಸಿದ್ದಿಗಳಲ್ಲಿ ಹಲವರು ಅವರ ವಂಶದವರು. ಹಿಂದೂಗಳು, ಮುಸಲ್ಮಾನರು, ಕ್ರೈಸ್ತರು ಮೂವರೂ ಅವರಲ್ಲಿದ್ದಾರೆ. ಕನ್ನಡ, ಕೊಂಕಣಿ ಆಡುತ್ತಾರೆ. ಉತ್ತರ ಕನ್ನಡದ ಸಿದ್ದಿಗಳಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡು ಸದನ ಪ್ರವೇಶಿಸಿದರು. ನಮ್ಮ ಹಾನಗಲ್ಲ ಸೀಮೆ ದಾಟಿದರೆ ಅವರ ಮನೆಗಳು. ಆದರೂ ಪೇಟೆಯಲ್ಲಿ ಸಿದ್ದಿ ಹುಡುಗನೊಬ್ಬ ಕನ್ನಡ ಮಾತಾಡಿದರೆ ಜನ ತಿರುಗಿ ನೋಡುತ್ತಾರೆ. ನಾನೂರು ವರ್ಷದ ನೆರೆಹೊರೆಯವನಿಗೆ 'ಯಾವ ದೇಶದವನಪಾ ನೀನು?' ಎಂದು ಕೇಳುತ್ತಾರೆ.

ವಿದ್ಯಾರ್ಥಿ ಮಿತ್ರರೇ, ಪತ್ತೇದಾರಿ ಕತೆಗಳನ್ನು ಓದಿರಿ, ಧಾರಾಳವಾಗಿ ಓದಿರಿ. ಓದುವಾಗ ಕೊಲೆಗಾರನನ್ನು ಹುಡುಕುವ ಜೊತೆಗೆ ಬರೆದವನನ್ನೂ ಸ್ವಲ್ಪ ವಿಚಾರಣೆ ಮಾಡಿರಿ. ಈ ಪಾತ್ರಕ್ಕೆ ಹೆಸರಿದೆಯೇ, ಮನೆಯಿದೆಯೇ? ಇವನು ದುಷ್ಟನೆಂದು ತೋರಿಸಲು ಲೇಖಕ ಕೊಟ್ಟ ಕಾರಣ ಅವನ ಕೆಲಸವೋ ಅಥವಾ ಅವನ ಬಣ್ಣ, ಜಾತಿ, ಊರೋ? ಇದೇ ಮಾತನ್ನು ನಮ್ಮ ಊರಿನವನ ಬಗ್ಗೆ ಬರೆದಿದ್ದರೆ ನಾವು ಸುಮ್ಮನಿರುತ್ತಿದ್ದೆವೇ? ಆಫ್ರಿಕವಷ್ಟೇ ಅಲ್ಲ, ನಮ್ಮ ಕತೆ-ಸಿನಿಮಾಗಳ ಲಂಬಾಣಿ, ಗೂರ್ಖಾ, ಹಳ್ಳಿಯ ಮುಕ್ಕನ ಪಾತ್ರಗಳಿಗೂ ಈ ಪ್ರಶ್ನೆ ಹಾಕಿ ನೋಡಿರಿ.

ಪಾಲಕರೇ, ಮನೆಯಲ್ಲಿ ಏನಾದರೂ ಕಳೆದಾಗ ನಿಮ್ಮ ಬಾಯಿಂದ ಮೊದಲು ಯಾರ ಹೆಸರು ಬರುತ್ತದೆ ಎಂಬುದನ್ನು ಮಕ್ಕಳು ಕೇಳಿಸಿಕೊಳ್ಳುತ್ತಿರುತ್ತಾರೆ. ಕೆಲಸದವಳ ಹೆಸರೇ, ಓಣಿಯ ಆಚೆಯ ಹುಡುಗನ ಹೆಸರೇ? ಮಕ್ಕಳ ಪಾಲಿಗೆ ಅದೇ ಮೊದಲ ಪತ್ತೇದಾರಿ ಪಾಠ.

ವರಾಂಡದಲ್ಲಿ ಆ ಹುಡುಗ ಕೇಳಿದ ಪ್ರಶ್ನೆಗೆ ನಾನು ಮರುದಿನ ಉತ್ತರ ಕೊಟ್ಟೆ. "ನಿನ್ನ ಮಾರಿ ನೋಡಿ ಕೇಳಿದ್ನಪಾ. ಅದು ತಪ್ಪು" ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಗೊತ್ತಿತ್ರಿ ಸರ್" ಎಂದ. ಗೊತ್ತಿದ್ದೂ ಕೇಳಿದ್ದ ಎಂಬುದು ನನ್ನನ್ನು ಇಂದಿಗೂ ಚುಚ್ಚುತ್ತದೆ. ಅವನು ಎಸ್ಸೆಸ್ಸೆಲ್ಸಿ ಪಾಸಾಗಿ ಹೋದ. ಭೂತಗನ್ನಡಿ ಕಪಾಟಿನಲ್ಲಿದೆ. ಈಗ ಪ್ರಯೋಗಾಲಯದಲ್ಲಿ ಏನೇ ಕಾಣೆಯಾದರೂ ನಾನು ಮೊದಲು ನನ್ನ ಚೀಲವನ್ನೇ ಕೊಡವಿ ನೋಡುತ್ತೇನೆ.